ಆರು ಚುಕ್ಕಿ ರೋಗ

ಕೊಳವೆಯ ಬಾಯಿಗೆ ಸೇವಂತಿಗೆ ಹೂವೊಂದು ಬಂದು ನಿಂತಿತು. ಒಳಗೆ ಬೆಳಕು ಹೊತ್ತಿ ಆರಿತು. ಮೇಲಿನ ಪರದೆಯಲ್ಲಿ ಆ ಹೂವಿನ ಒಂದೇ ಒಂದು ಹೋಳು ಆರಾಗಿ, ಒಂದರ ಪಕ್ಕ ಒಂದು ಕನ್ನಡಿಬಿಂಬದಂತೆ ಕೂಡಿಕೊಂಡು, ಹಳದಿ ರಂಗೋಲಿಯಾಗಿ ಅರಳಿತು. ರಂಗೋಲಿಯ ನಡುವಿನಿಂದ ಸಮದೂರದಲ್ಲಿ, ಸುತ್ತಲೂ ಆರು ಕೆಂಪು ಚುಕ್ಕಿ.

"ಕ್ಷಮಿಸಿ," ಎಂದಿತು ಯಂತ್ರ, ಮಗುವಿಗೆ ಕಹಿ ಔಷಧ ಕುಡಿಸುವವರ ದನಿಯಲ್ಲಿ. "ನಿಮ್ಮ ಹೂವು ಅಸ್ವಸ್ಥವಾಗಿದೆ. ದಯವಿಟ್ಟು ಕೆಂಪು ಸಾಲಿಗೆ ಬನ್ನಿ."

"ಅಸ್ವಸ್ಥ ನಿಮ್ಮಪ್ಪ," ಎಂದಳು ಮುನಿನಂಜಮ್ಮ. "ಬೆಳಗ್ಗೆ ನಾನೇ ಕೈಯಾರ ಕಿತ್ತಿರೋ ಹೂವು ಇದು. ಕಣ್ಣು ಬುಟ್ಟು ಇನ್ನೊಂದ್ಸಲ ನೋಡು."

ಯಂತ್ರ ಇನ್ನೊಂದು ಸಲ ನೋಡಿತು. ಇನ್ನೊಂದು ಸಲ ಕ್ಷಮೆ ಕೇಳಿತು. ಆಕೆ ಬುಟ್ಟಿಯ ತಳಕ್ಕೆ ಕೈ ಹಾಕಿ ಬೇರೊಂದು ಹೂವು ತೆಗೆದು ತೋರಿಸಿದಳು. ಅದಕ್ಕೂ ಆರು ಚುಕ್ಕಿ, ಅದಕ್ಕೂ ಕ್ಷಮೆ. ಪುಷ್ಪದರ್ಶಿ ಎಂಬ ಆ ಯಂತ್ರಕ್ಕೆ ಸಿಟ್ಟು ಬರುವುದಿಲ್ಲ. ಅದರ ಪಾಲಿನ ಸಿಟ್ಟೂ ಎದುರಿಗಿದ್ದವರಿಗೇ ಬರಬೇಕಾಗುತ್ತದೆ.

ನಂದಿಬೆಟ್ಟ ಕಾಣುವಷ್ಟು ದೂರದಲ್ಲಿರುವ ಹೊಸಕೆರೆಪುರದ ಹೂವಿನ ಮಂಡಿ ಅದು. ಆಯುಧಪೂಜೆ ಕಳೆದು ಮೂರನೆಯ ದಿನ. ದೀಪಾವಳಿಯ ಹೂವು ಹೊಲದಲ್ಲಿ ಮೊಗ್ಗಾಗಿ ನಿಂತಿರುವ ಕಾಲ. ಇಂಥ ಕಾಲದಲ್ಲಿ ಕೆಂಪು ಸಾಲಿಗೆ ಹೋಗುವುದೆಂದರೆ ತಂದ ಬುಟ್ಟಿ ಮಾತ್ರ ಹೋದಂತಲ್ಲ. ಹೂವು ಯಾವ ಹೊಲದಿಂದ ಬಂತೋ ಆ ಹೊಲವನ್ನೇ ಸುಡಬೇಕು, ಅದೂ ಅಂದೇ. ಪುಷ್ಪ ಪರೀಕ್ಷಾ ಮಂಡಳಿಯ ಬೆಂಕಿ ಉಗುಳುವ ಗಾಡಿಯ ಮೇಲೆ 'ಶುದ್ಧೀಕರಣ ವಾಹನ' ಎಂದು ಬರೆದಿತ್ತು. ಬೆಳೆಗಾರರು ಅದನ್ನು 'ಸುಡುಗಾಡಿ' ಎನ್ನುತ್ತಿದ್ದರು.

ಸಾಲಿನ ಆಚೆ, ಕೈಯಲ್ಲಿ ಬಟ್ಟೆ ಚೀಲ ಹಿಡಿದು, ವಾರಿಜಾ ನಿಂತಿದ್ದಳು. ಅರವತ್ತು ದಾಟಿದ ಹೆಂಗಸು. ಬೆಳಕಿನ ವಿಜ್ಞಾನ ಓದಿ, ಓದಿಸಿ, ನಿವೃತ್ತಿಯಾಗಿ, ಈಗ ಹೂವಿನ ಫೋಟೋ ತೆಗೆದುಕೊಂಡು ಕಾಲ ಕಳೆಯುತ್ತಿದ್ದವಳು. ಬಿಡಿ ಹೂವು ಕೊಳ್ಳಲು ಬಂದಿದ್ದಳು. ಯಂತ್ರ ಕ್ಷಮೆ ಕೇಳಿದಾಗಲೆಲ್ಲ ಅವಳ ಹುಬ್ಬು ಗಂಟಾಗುತ್ತಿತ್ತು. ಪುಷ್ಪದರ್ಶಿಯನ್ನು ಕಂಡುಹಿಡಿದವಳು ಅವಳೇ. ಒಳಗಿನ ದನಿಯೂ ಅವಳದೇ. ಹನ್ನೆರಡು ವರ್ಷದ ಹಿಂದೆ ಮಂಡಳಿಯವರು ಗಾಜಿನ ಕೋಣೆಯಲ್ಲಿ ಕೂರಿಸಿ ನಯವಾಗಿ ಓದಿಸಿ ಮುದ್ರಿಸಿಕೊಂಡದ್ದು. ಆ ನಯ ಆಕೆಗೆ ಜೀವಮಾನದಲ್ಲಿ ಅದೊಂದು ಸಲ ಮಾತ್ರ ಬಂದಿತ್ತು.

"ಆ ಹೂವು ಇಲ್ಲಿ ಕೊಡಿ," ಎಂದಳು ವಾರಿಜಾ.

ಮುನಿನಂಜಮ್ಮ ತಿರುಗಿದಳು. ದನಿ ಕೇಳಿ ಒಮ್ಮೆ ಯಂತ್ರದ ಕಡೆ, ಒಮ್ಮೆ ಇವಳ ಕಡೆ ನೋಡಿದಳು. "ಇನ್ನೊಂದು ಮಾತಾಡು," ಎಂದಳು.

"ಹೂವು ಕೊಡಿ ಅಂದೆ."

"ಅದೇ ಗಂಟಲು. ಪೆಟ್ಟಿಗೆಯೊಳಗೆ ಕೂತ್ಕೊಂಡು ಬೊಗಳೋಳು ನೀನೇನಾ? ನೆನ್ನೆ ನನ್ನ ತಂಗಿ ಗೌರಮ್ಮನ ಹೊಲ ಬೂದಿ ಮಾಡಿಸ್ದೆ. 'ದಯವಿಟ್ಟು' ಅಂತೆ, 'ಕ್ಷಮಿಸಿ' ಅಂತೆ. ಮನೆಗೆ ಬೆಂಕಿ ಇಡೋರು ಬಾಗಿಲು ತಟ್ಟಿ ಕೇಳ್ದಂಗೆ."

ಸಾಲಿನಲ್ಲಿದ್ದವರೆಲ್ಲ ಹೂವಿನ ಬುಟ್ಟಿ ಬಿಟ್ಟು ವಾರಿಜಾಳ ಮುಖ ನೋಡಿದರು. ಅವಳಿಗೂ ಸಿಟ್ಟು ಬಂತು. ಆದರೆ ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಹೂವನ್ನು ಕಿತ್ತುಕೊಂಡು, ಚೀಲದಿಂದ ಭೂತಗನ್ನಡಿ ತೆಗೆದು, ಎಸಳೆಸಳನ್ನೂ ಬಿಡಿಸಿ ನೋಡಿದಳು. ಚುಕ್ಕಿ ಇರಲಿಲ್ಲ.

ಇದರಲ್ಲಿ ವಿಚಿತ್ರವೇನಿಲ್ಲ, ಏಕೆಂದರೆ ಪುಷ್ಪದರ್ಶಿ ಹುಟ್ಟಿದ್ದೇ ಕಣ್ಣಿಗೆ ಕಾಣದ್ದನ್ನು ತೋರಿಸುವುದಕ್ಕೆ. ಅದರ ಹುಟ್ಟು ಒಂದು ಆಟದ ಕೊಳವೆಯಲ್ಲಿತ್ತು. ಬಹುರೂಪದರ್ಶಕ ಎಂದು ಪುಸ್ತಕದಲ್ಲಿ ಹೆಸರು. ಒಳಗೆ ಬಳೆಚೂರು ಹಾಕಿ ತಿರುಗಿಸಿ ನೋಡುವ ಮಕ್ಕಳಿಗೆ ಆ ಹೆಸರು ಬೇಕಿಲ್ಲ. ಎರಡು ಕನ್ನಡಿ ಪಟ್ಟಿಗಳನ್ನು ಅರವತ್ತು ಡಿಗ್ರಿ ಕೋನದಲ್ಲಿ ಸೇರಿಸಿ, ಮೂರನೆಯ ಬದಿಗೆ ಕಪ್ಪು ಕಾಗದ ಅಂಟಿಸಿ, ರಟ್ಟಿನ ಕೊಳವೆಯಲ್ಲಿ ಕೂರಿಸಿದರೆ ಆಯಿತು. ಎದುರಿಗಿದ್ದದ್ದರ ಒಂದು ಹೋಳು ಆರಾಗುತ್ತದೆ. ವಾರಿಜಾ ಹುಡುಗಿಯಾಗಿದ್ದಾಗ ಅಂಥದೊಂದನ್ನು ಅಮ್ಮನ ಮೊಬೈಲ್ ಫೋನಿನ ಕ್ಯಾಮೆರಾಕ್ಕೆ ರಬ್ಬರ್ ಬ್ಯಾಂಡಿನಿಂದ ಬಿಗಿದು, ತಾರಸಿಯ ಕುಂಡಗಳಲ್ಲಿದ್ದ ಹೂವುಗಳ ಫೋಟೋ ತೆಗೆಯುತ್ತಿದ್ದಳು. ಮುರುಟಿದ ದಾಸವಾಳವೂ ಅರಮನೆಯ ಛಾವಣಿಯಂತೆ ಕಾಣುತ್ತಿತ್ತು. "ಈಚೆ ತಾ ಅದನ್ನ, ನಿಮ್ಮತ್ತೆ ಫೋನ್ ಮಾಡ್ತಾರೆ," ಎಂದು ಅಮ್ಮ ಅಡುಗೆಮನೆಯಿಂದ, ಒಗ್ಗರಣೆಯ ಕೈಯಲ್ಲೇ ಬಂದು ಫೋನು ಕಿತ್ತುಕೊಳ್ಳುತ್ತಿದ್ದಳು.

ಆ ಹುಚ್ಚು ವಿಜ್ಞಾನಿಯಾದ ಮೇಲೂ ಬಿಡಲಿಲ್ಲ. ಒಂದು ದಿನ ಗುಲಾಬಿಯೊಂದರ ಬಹುರೂಪ ಚಿತ್ರದಲ್ಲಿ ಬೂದುಬಣ್ಣದ ಉಂಗುರ ಕಂಡಿತು. ಹೂವಿನಲ್ಲಿ ಹುಡುಕಿದರೆ ಏನೂ ಇಲ್ಲ. ಎರಡು ದಿನ ಕಳೆದ ಮೇಲೆ ಅದೇ ಎಸಳಿನಲ್ಲಿ ಬೂಷ್ಟು ಹಿಡಿಯಿತು. ನಮ್ಮ ಕಣ್ಣು ಒಂಟಿ ಚುಕ್ಕಿಯನ್ನು ಕ್ಷಮಿಸಿಬಿಡುತ್ತದೆ. ಸಾಲಾಗಿ ನಿಂತ ಆರನ್ನು ಬಿಡುವುದಿಲ್ಲ. ತೀರಾ ಮಸುಕಾದ ಕಲೆಯೂ ಆರಾಗಿ ಸುತ್ತುಗಟ್ಟಿದಾಗ ಆಕಾರವಾಗಿಬಿಡುತ್ತದೆ, ಆಕಾರವನ್ನು ಕಣ್ಣು ಹಿಡಿಯುತ್ತದೆ. ಅದನ್ನೇ ಯಂತ್ರ ಮಾಡಿದಳು. ರೋಗ ಬೇರೂರುವ ಮೊದಲೇ ಗೊತ್ತಾಗತೊಡಗಿತು. ಹೊಲಕ್ಕೆ ಹೊಡೆಯುವ ವಿಷ ಅರ್ಧಕ್ಕರ್ಧ ಇಳಿಯಿತು. ಬೆಳೆಗಾರರು ಯಂತ್ರಕ್ಕೆ 'ಹೂವಮ್ಮ' ಎಂದು ಹೆಸರಿಟ್ಟರು. ಮುಖದ ಹಾಗಿದ್ದ ಅದರ ಮುಂಭಾಗಕ್ಕೆ ಯಾರೋ ಮೂಗುಬೊಟ್ಟನ್ನೂ ಅಂಟಿಸಿದ್ದರು.

ಈಗ ಆ ಮುಖದ ಮುಂದೆ ನಿಂತು ವಾರಿಜಾ ಪರದೆಯನ್ನೇ ದಿಟ್ಟಿಸಿದಳು. ಮುನಿನಂಜಮ್ಮನ ಹಿಂದಿದ್ದವನ ಚೆಂಡುಹೂವು ಬಂತು. ಆರು ಚುಕ್ಕಿ. ಅವನ ಹಿಂದೆ ಗುಲಾಬಿ. ಆರು ಚುಕ್ಕಿ. ಹೂವು ಬದಲಾದರೂ ಚುಕ್ಕಿಗಳ ಜಾಗ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ.

ಅವಳು ದಡದಡನೆ ಮಂಡಿಯ ಕಚೇರಿಗೆ ನಡೆದಳು. ಮುನಿನಂಜಮ್ಮ ಬುಟ್ಟಿ ಸಮೇತ ಹಿಂಬಾಲಿಸಿದಳು.

ಅಧಿಕಾರಿ ಶ್ರೀಕಂಠಸ್ವಾಮಿ ಗೋಡೆಯ ಪರದೆಯಲ್ಲಿ ತಜ್ಞರ ಚರ್ಚೆ ನೋಡುತ್ತಿದ್ದರು. ರೋಗಕ್ಕೆ ಆಗಲೇ 'ಷಡ್ಬಿಂದು' ಎಂದು ನಾಮಕರಣವಾಗಿತ್ತು. ಕೆಲವು ಮಂಡಿಗಳಲ್ಲಿ ಹನ್ನೆರಡು ಚುಕ್ಕಿ ಕಂಡಿದ್ದರಿಂದ ಅದು ಹೆಚ್ಚು ಉಗ್ರವಾದ ಎರಡನೆಯ ತಳಿ ಎಂದು ಒಬ್ಬ ತಜ್ಞ ವಿವರಿಸುತ್ತಿದ್ದ. ಇನ್ನೊಬ್ಬ ಅದು ಗಾಳಿಯಲ್ಲಿ ಹೇಗೆ ಹಾರುತ್ತದೆ ಎಂದು ಕೈಯಾಡಿಸಿ ತೋರಿಸುತ್ತಿದ್ದ. ಅದಕ್ಕೆ ಸಿಂಪಡಿಸುವ ಔಷಧದ ಜಾಹೀರಾತು ಕೆಳಗೆ ಹರಿಯುತ್ತಿತ್ತು.

ಬಾಗಿಲ ಬಳಿ ಇಮ್ತಿಯಾಜ್ ಸ್ಕ್ರೂಡ್ರೈವರಿನಿಂದ ಬೆನ್ನು ಕೆರೆದುಕೊಳ್ಳುತ್ತ ನಿಂತಿದ್ದ. ಮಂಡಿಯ ಯಂತ್ರಗಳ ರಿಪೇರಿ ಅವನದು. ಹಿಂದೆ ವಾರಿಜಾಳ ಪ್ರಯೋಗಾಲಯದಲ್ಲಿದ್ದವ. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಸಾಕು, ಮೂರನೆಯ ಸಲ ಅವನ ಬಾಯಿಂದ ಕೇಳಬಹುದಿತ್ತು. ಈ ವಿದ್ಯೆಯಿಂದ ಅವನಿಗೆ ಎರಡು ಸಲ ಬಡ್ತಿ ತಪ್ಪಿತ್ತು.

"ಯಂತ್ರವನ್ನು ತಿರುಗಿಸಿ," ಎಂದಳು ವಾರಿಜಾ.

"ಮೇಡಂ, ಬನ್ನಿ, ಕೂತ್ಕೊಳ್ಳಿ. ಎಷ್ಟು ದಿನ ಆಯ್ತು ನೋಡಿ," ಎಂದರು ಶ್ರೀಕಂಠಸ್ವಾಮಿ. "ತಿರುಗಿಸೋದು ಅಂದ್ರೆ? ಯಾವ ಕಡೆಗೆ? ವಾಸ್ತು ಪ್ರಕಾರ ಪೂರ್ವಕ್ಕೇ ಇದೆ."

"ಮುಖ ಅಲ್ಲ, ಕೊಳವೆ. ಕನ್ನಡಿ ಕೊಳವೆ ತಿರುಗಬೇಕು. ಚುಕ್ಕಿ ಹೂವಿನಲ್ಲಿದ್ದರೆ, ಕೊಳವೆ ತಿರುಗಿದ ಹಾಗೆ ಆರು ಚುಕ್ಕಿ ಹತ್ತಿರ ಬಂದು ಒಂದರೊಳಗೊಂದು ಕರಗುತ್ತವೆ, ಆಮೇಲೆ ದೂರ ಹೋಗುತ್ತವೆ. ಮೊಗ್ಗು ಮುಚ್ಚಿ ಬಿರಿದ ಹಾಗೆ. ಚುಕ್ಕಿ ಕೊಳವೆಯಲ್ಲೇ ಇದ್ದರೆ ಅವುಗಳ ನಡುವಿನ ಅಂತರ ಬದಲಾಗುವುದೇ ಇಲ್ಲ, ಗಾಡಿಚಕ್ರದ ಹಾಗೆ ಇದ್ದಲ್ಲೇ ಸುತ್ತುತ್ತವೆ. ಅದಕ್ಕೇ ನಾನು ಮೋಟಾರು ಇಟ್ಟದ್ದು."

ಶ್ರೀಕಂಠಸ್ವಾಮಿ ಇಮ್ತಿಯಾಜನ ಕಡೆ ನೋಡಿದರು. ಇಮ್ತಿಯಾಜ್ ನೆಲ ನೋಡಿದ.

"ಮೋಟಾರು ಇಲ್ಲ ಮೇಡಂ," ಎಂದ. "ಎರಡು ವರ್ಷ ಆಯ್ತು. ಒಂದು ಹೂವಿಗೆ ಒಂದು ಸುತ್ತು ತಿರುಗೋಕೆ ಟೈಮ್ ಹಿಡಿಯುತ್ತೆ, ಸಾಲು ಉದ್ದ ಆಗುತ್ತೆ ಅಂತ ಎಲ್ಲಾ ಮಂಡಿಯಲ್ಲೂ ತೆಗೆಸಿದ್ರು. 'ವೇಗದರ್ಶಿ' ಅಂತ ಹೊಸ ಹೆಸರು ಕೊಟ್ರು. ನಾನೇ ಬಿಚ್ಚಿದ್ದು."

ವಾರಿಜಾಳ ಕಣ್ಣು ಗೋಡೆಯ ಮೇಲೆ ಹೋಯಿತು. ಅಲ್ಲಿ ಅವಳದೇ ಮಾತನ್ನು ಚೌಕಟ್ಟು ಹಾಕಿ ತೂಗಿದ್ದರು: 'ಬರೀ ಕಣ್ಣನ್ನು ನಂಬಬೇಡಿ.' ಅವಳು ಅಂದು ಹೇಳಿದ್ದು 'ಬರೀ ಕಣ್ಣನ್ನು ನಂಬಬೇಡಿ, ತಿರುಗಿಸಿ ನೋಡಿ' ಎಂದು. ಮೋಟಾರು ಕಿತ್ತವರು ವಾಕ್ಯದ ಬಾಲವನ್ನೂ ಕಿತ್ತಿದ್ದರು.

"ಯಾರನ್ನು ಕೇಳಿ ತೆಗೆಸಿದಿರಿ?"

"ಮೇಡಂ, ನೀವು ನಿವೃತ್ತಿ ಆಗಿದ್ರಿ. ತೊಂದರೆ ಕೊಡಬಾರದು ಅಂತ."

"ಓ. ನನಗೆ ತೊಂದರೆ ಆಗಬಾರದು ಅಂತ ಇವರ ಹೊಲ ಸುಡ್ತಿದ್ದೀರಿ."

"ಹಂಗೆ ಕೇಳು," ಎಂದಳು ಮುನಿನಂಜಮ್ಮ. "ಇಷ್ಟೊತ್ತಿಗೆ ಈವಮ್ಮನ ಬಾಯಿಂದ ಒಂದು ಒಳ್ಳೆ ಮಾತು ಬಂತು."

ಶ್ರೀಕಂಠಸ್ವಾಮಿ ಕೈ ಜೋಡಿಸಿದರು. ಮಧ್ಯಾಹ್ನಕ್ಕೆ ಸುಡುಗಾಡಿ ಮುನಿನಂಜಮ್ಮನ ಹೊಲಕ್ಕೆ ಹೊರಡುವುದು ಆಗಲೇ ತೀರ್ಮಾನವಾಗಿದೆ, ಯಂತ್ರ ತಪ್ಪು ಎನ್ನಲು ಆಧಾರ ಬೇಕು, ಬಿಚ್ಚಿ ನೋಡಲು ರಾಜಧಾನಿಯಿಂದ ಅಪ್ಪಣೆ ಬೇಕು ಎಂದು ಒಂದೊಂದಾಗಿ ಹೇಳಿದರು. ಅವರ ಮಾತು ಕೇಳುತ್ತ ವಾರಿಜಾಳಿಗೆ ಹೊಳೆದದ್ದು ಬೇರೆಯೇ. ಬಿಚ್ಚಲು ತಾನೇ ಅಪ್ಪಣೆ ಬೇಕಾದದ್ದು? ಹೂವು ತೋರಿಸಲು ಬೇಡವಲ್ಲ.

ಅವಳು ಹೊರಗೆ ಬಂದಳು. ಆಯುಧಪೂಜೆಗೆ ಮಾಡಿದ್ದ ಅಲಂಕಾರ ಇನ್ನೂ ಯಂತ್ರದ ಮೇಲಿತ್ತು. ಎರಡು ಕಡೆ ಬಾಳೆಕಂದು ಬಾಡಿ ಜೋತಿದ್ದವು. ಮೇಲೆ ಅಡ್ಡಲಾಗಿ ಕಟ್ಟಿದ್ದ ಸೇವಂತಿಗೆ ಹಾರ ಮಾತ್ರ ಮೂರು ದಿನವಾದರೂ ಬಾಡಿರಲಿಲ್ಲ. ಪ್ಲಾಸ್ಟಿಕ್ಕಿನದು. ಇಷ್ಟು ದೊಡ್ಡ ಹೂವಿನ ಮಂಡಿಯಲ್ಲಿ, ಹೂವಿಗೆ ಆಸ್ಪತ್ರೆಯಂತಿದ್ದ ಯಂತ್ರಕ್ಕೆ, ಅಂಗಡಿಯಿಂದ ತಂದ ಪ್ಲಾಸ್ಟಿಕ್ ಹೂವು. ಒಂದನ್ನು ಪಟ್ಟನೆ ಕಿತ್ತು ಕೊಳವೆಯ ಬಾಯಿಗೆ ಹಿಡಿದಳು.

ಬೆಳಕು ಹೊತ್ತಿ ಆರಿತು. ರಂಗೋಲಿ ಅರಳಿತು. ಆರು ಚುಕ್ಕಿ.

"ಕ್ಷಮಿಸಿ. ನಿಮ್ಮ ಹೂವು ಅಸ್ವಸ್ಥವಾಗಿದೆ. ದಯವಿಟ್ಟು ಕೆಂಪು ಸಾಲಿಗೆ ಬನ್ನಿ."

ಹಿಂದಿನಿಂದ ಯಾರೋ ನಕ್ಕರು, ಆ ನಗೆ ಮುಂದಕ್ಕೆ ಬರುತ್ತ ಬರುತ್ತ ಬೈಗುಳವಾಯಿತು. ಶ್ರೀಕಂಠಸ್ವಾಮಿ ಬೆವರು ಒರೆಸಿಕೊಂಡರು. "ರೋಗ ಪ್ಲಾಸ್ಟಿಕ್ಕಿಗೂ ಹಬ್ಬಿರಬಹುದಾ?" ಎಂದು ಇಮ್ತಿಯಾಜನನ್ನು ಮೆಲ್ಲಗೆ ಕೇಳಿದರು. ಕೇಳಿದ್ದು ತಮಾಷೆಗಲ್ಲ.

"ಹಬ್ಬಿದೆ ಸಾರ್," ಎಂದ ಇಮ್ತಿಯಾಜ್, ಆ ತಜ್ಞನದೇ ದನಿಯಲ್ಲಿ. "ಇದು ಮೂರನೆಯ ತಳಿ. ಕಾರ್ಖಾನೆಯನ್ನೇ ಸುಡಬೇಕಾಗುತ್ತದೆ."

ವಾರಿಜಾ ಅವನ ಸೊಂಟದಲ್ಲಿದ್ದ ಒರೆಸುವ ಬಿಳಿ ಬಟ್ಟೆ ಎಳೆದುಕೊಂಡಳು. ಕೊಳವೆಯ ಬಾಯೊಳಗೆ ಒಂದು ಬೆರಳಿನಷ್ಟು ಆಳದಲ್ಲಿ ಗಾಜಿನ ಬಿಲ್ಲೆಯಿದೆ, ಪರಾಗದ ಧೂಳು ಕನ್ನಡಿಗೆ ಹೋಗದಿರಲೆಂದು ಅವಳೇ ಇಡಿಸಿದ್ದು. ಬಟ್ಟೆಯನ್ನು ಬೆರಳಿಗೆ ಸುತ್ತಿ ಒಳಗೆ ತೂರಿಸಿ, ಒತ್ತಿ ತಿರುವಿ, ಹೊರತೆಗೆದಳು. ತುದಿಯಲ್ಲಿ ಸಾಸಿವೆಯಷ್ಟು ಕೆಂಪು. ಉಜ್ಜಿದರೆ ಹರಡಿತು. ಮೂಸಿದಳು.

"ಕುಂಕುಮ," ಎಂದಳು.

ಶ್ರೀಕಂಠಸ್ವಾಮಿ ಮುಂದೆ ಬಂದರು, ಅದೂ ಸ್ವಲ್ಪ ಹೆಮ್ಮೆಯಿಂದ. "ನಾನೇ ಇಟ್ಟಿದ್ದು ಮೇಡಂ. ಹೂವಮ್ಮನ ಹಣೆಗೆ. ಅರಿಶಿನ ಕಲಸಿ, ಒದ್ದೆ ಕುಂಕುಮ, ಕಾಸಗಲ. ಮಾರನೇ ದಿನ ಹೊರಗೆಲ್ಲ ಚೆನ್ನಾಗಿ ಒರೆಸಿದ್ವಿ."

ಹಣೆ ಇದ್ದದ್ದು ಬಾಯಿಯ ಮೇಲೆ. ಒಣಗಿದ ಕುಂಕುಮ ಉದುರಿ ಬಾಯೊಳಗೆ ಬಿದ್ದಿತ್ತು. ಲೇತ್ ಯಂತ್ರಕ್ಕೆ, ಬಸ್ಸಿಗೆ, ಗಣಕಕ್ಕೆ ಇಟ್ಟ ಹಾಗೆ ಇದಕ್ಕೂ ಇಟ್ಟದ್ದು. ಯಂತ್ರದ ಮೇಲೆ ಅಕ್ಕರೆ ಇದ್ದವರು ಮಾತ್ರ ಮಾಡಬಹುದಾದ ತಪ್ಪು. ಆ ದಿನ ನಾಡಿನ ಎಲ್ಲ ಮಂಡಿಯಲ್ಲೂ ಪೂಜೆ. ಎಲ್ಲ ಹೂವಮ್ಮಂದಿರ ಹಣೆಗೂ ಕುಂಕುಮ. ಎಲ್ಲಿ ಒಂದು ಹರಳು ಬಿತ್ತೋ ಅಲ್ಲಿ ಆರು ಚುಕ್ಕಿ, ಎಲ್ಲಿ ಎರಡು ಬಿತ್ತೋ ಅಲ್ಲಿ ಹನ್ನೆರಡು, ಉಗ್ರ ತಳಿ.

ಕುಂಕುಮದ ಮೇಲೆ ವಾರಿಜಾಳಿಗೆ ಸಿಟ್ಟು ಬರಲಿಲ್ಲ. ಕುಂಕುಮ ಬೀಳುತ್ತದೆ, ಧೂಳು ಕೂರುತ್ತದೆ, ನೊಣ ಹೊಲಸು ಮಾಡುತ್ತದೆ. ಇವನ್ನೆಲ್ಲ ಹಿಡಿಯಲೆಂದೇ ಕೊಳವೆಗೆ ತಿರುಗುವುದನ್ನು ಕಲಿಸಿದ್ದು. ಅದನ್ನು ನಿಲ್ಲಿಸಿದವರ ಮೇಲೆ ಸಿಟ್ಟು ಬಂತು. ಬಟ್ಟೆಯನ್ನು ಶ್ರೀಕಂಠಸ್ವಾಮಿಯ ಕೈಗೆ ತುರುಕಿದಳು.

"ರಾಜಧಾನಿಗೆ ಹೇಳಿ. ಈಗಲೇ. ಎಲ್ಲ ಕಡೆ ಗಾಡಿ ನಿಲ್ಲಿಸಲಿ."

ಶ್ರೀಕಂಠಸ್ವಾಮಿ ಕಚೇರಿಯೊಳಗೆ ಹೋಗಿ ಮಾತಾಡಿ ಬಂದರು. ಬರುವಾಗ ಅವರ ಮುಖ ಒಗೆದ ಬಟ್ಟೆಯ ಹಾಗಿತ್ತು.

"ಮೇಡಂ, ಒಳಗೆ ಬನ್ನಿ. ಇಲ್ಲಿ ಬೇಡ."

ಇಲ್ಲಿಯೇ ಎಂದು ವಾರಿಜಾ ನಿಂತಳು. ಅವರು ದನಿ ತಗ್ಗಿಸಿದರು. "ಯಂತ್ರ ಒರೆಸಿಕೊಳ್ಳಿ ಅಂದ್ರು. ಎಲ್ಲಾ ಕಡೆ ಸದ್ದಿಲ್ಲದೆ ಒರೆಸ್ತಾರಂತೆ. ಆದ್ರೆ ಇವತ್ತಿನವರೆಗೆ ಕೆಂಪಾಗಿರೋ ಹೊಲ ಸುಡಲೇಬೇಕಂತೆ."

"ಯಾಕೆ?"

"ಈಗ ಒಂದು ಹೊಲ ಬಿಟ್ರೆ, ಆಗಲೇ ಸುಟ್ಟಿರೋ ಹೊಲದವರು ಕೇಳ್ತಾರೆ, ನಮ್ದು ಯಾಕೆ ಸುಟ್ರಿ ಅಂತ. ಇಷ್ಟು ಜನ ತಜ್ಞರು ಟೀವೀಲಿ ಮಾತಾಡಿ ಆಗಿದೆ. ರೋಗ ಇರಲೇ ಇಲ್ಲ ಅಂದ್ರೆ ಹೇಗೆ ಮೇಡಂ? ಇತ್ತು. ಇವತ್ತಿಗೆ ಹೋಯ್ತು. ಹಾಗೆ ಇರಲಿ ಅಂದ್ರು."

ಮುನಿನಂಜಮ್ಮ ಬುಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟಳು. ಅವಳು ಅಷ್ಟು ಮೆಲ್ಲಗೆ ಏನನ್ನೂ ಮಾಡಿದ್ದನ್ನು ಮಂಡಿ ಕಂಡಿರಲಿಲ್ಲ. "ಅಂದ್ರೆ ಸ್ವಾಮಿ, ನನ್ನ ಹೂವಿಗೆ ಏನೂ ಆಗಿಲ್ಲ ಅಂತ ನಿಮಗೆ ಗೊತ್ತು. ಗೊತ್ತಿದ್ದೂ ಸುಡ್ತೀರ. ನನ್ನ ತಂಗೀದು ಸುಟ್ಟಿದ್ದು ಸರಿ ಅನ್ನಿಸೋಕೆ ನಂದು ಸುಡ್ತೀರ."

"ನಾನಲ್ಲಮ್ಮ, ಮೇಲಿನವರು."

"ಮೇಲಿನವರು ಬೆಂಕಿಪೆಟ್ಟಿಗೆ ಹಿಡ್ಕೊಂಡು ಬರಲ್ಲ. ನೀವು ಬರ್ತೀರ."

ಗಾಡಿಯ ಚಾಲಕ ಆಗಲೇ ಇಂಜಿನ್ನು ಚಾಲು ಮಾಡಿದ್ದ. ವಾರಿಜಾ ಇಮ್ತಿಯಾಜನ ಕಡೆ ತಿರುಗಿದಳು. ದರ ಪ್ರಕಟಣೆಗೆಂದು ಮಂಡಿಗಳಿಗೆಲ್ಲ ಒಂದು ಧ್ವನಿವರ್ಧಕದ ಜಾಲವಿತ್ತು. ರಾಜಧಾನಿಯಿಂದ ಬಿಟ್ಟುಕೊಟ್ಟರೆ ಒಂದು ಮಂಡಿಯಲ್ಲಿ ಆಡಿದ ಮಾತು ಎಲ್ಲ ಮಂಡಿಯಲ್ಲೂ ಕೇಳುತ್ತಿತ್ತು.

"ಲೈನು ಬೇಕು," ಎಂದಳು.

"ಅಧಿಕಾರಿಗಳು ಕೇಳಿದ್ರೆ ಮಾತ್ರ ಕೊಡ್ತಾರೆ ಮೇಡಂ."

"ಅಧಿಕಾರಿಗಳು ಕೇಳಲಿ."

ಇಮ್ತಿಯಾಜ್ ಅರ್ಥ ಮಾಡಿಕೊಂಡ. ಕಚೇರಿಯೊಳಗೆ ಹೋಗಿ ಚಿಲಕ ಹಾಕಿಕೊಂಡ. ಮೊದಲು ಒಂದು ಕೆಮ್ಮು ಕೇಳಿಸಿತು, ಶ್ರೀಕಂಠಸ್ವಾಮಿಯವರದು. ಆಮೇಲೆ ಶ್ರೀಕಂಠಸ್ವಾಮಿಯವರ ಮೂಗಿನ ದನಿ. "ಹಲೋ, ನಾನ್ರೀ, ಹೊಸಕೆರೆಪುರ. ಷಡ್ಬಿಂದು ವಿಷಯವಾಗಿ ತುರ್ತು ಪ್ರಕಟಣೆ. ಮೇಲಿಂದಲೇ ಹೇಳಿದ್ದಾರೆ. ಎಷ್ಟೊತ್ರೀ, ಕೊಡ್ರೀ." ಹೊರಗೆ ನಿಂತಿದ್ದ ಶ್ರೀಕಂಠಸ್ವಾಮಿ ಗಂಟಲು ಮುಟ್ಟಿಕೊಂಡು ನೋಡಿಕೊಂಡರು.

ಬಾಗಿಲು ತಟ್ಟಲು ಅವರು ಎರಡು ಹೆಜ್ಜೆ ಇಟ್ಟರು. ಮುನಿನಂಜಮ್ಮ ಅಡ್ಡ ನಿಂತಳು. "ಈಗ ನೀವೇ ಒಳಗೆ ಮಾತಾಡ್ತಾ ಇದ್ದೀರಲ್ಲ ಸ್ವಾಮಿ. ಒಬ್ಬರೇ ಎರಡು ಕಡೆ ಯಾಕೆ ಇರಬೇಕು? ಕೂತ್ಕೊಳಿ."

ವಾರಿಜಾ ಹೊರಗಿದ್ದ ದರ ಪ್ರಕಟಣೆಯ ಮೈಕಿನ ಮುಂದೆ ನಿಂತಳು. ಬೈಗುಳವೆಲ್ಲ ನಾಲಗೆಯ ತುದಿಗೆ ಬಂದಿತ್ತು. ಆದರೆ ಬೈದರೆ ಯಾರೂ ನಂಬುವುದಿಲ್ಲ, ಹೂವಮ್ಮ ಬೈಯುವುದಿಲ್ಲ. ಆ ಹಳೆಯ ಗಾಜಿನ ಕೋಣೆಯನ್ನು ನೆನೆಸಿಕೊಂಡು, ಹನ್ನೆರಡು ವರ್ಷ ಕಿರಿಯಳಾಗಿ, ತನ್ನದೇ ದನಿಯನ್ನು ತಾನೇ ಅಣಕಿಸುವವಳ ಹಾಗೆ ನಯ ಮಾಡಿಕೊಂಡಳು.

"ಕ್ಷಮಿಸಿ," ಎಂದಳು.

ನಾಡಿನ ಅಷ್ಟೂ ಮಂಡಿಗಳಲ್ಲಿ ಜನ ತಲೆಯೆತ್ತಿರಬೇಕು.

"ಕ್ಷಮಿಸಿ. ಅಸ್ವಸ್ಥವಾಗಿರುವುದು ನಿಮ್ಮ ಹೂವಲ್ಲ, ನಾನು. ನನ್ನ ಬಾಯೊಳಗೆ ಆಯುಧಪೂಜೆಯ ಕುಂಕುಮ ಬಿದ್ದಿದೆ. ನಂಬಿಕೆ ಬರದಿದ್ದರೆ, ನನ್ನ ತಲೆಯ ಮೇಲೆ ಕಟ್ಟಿರುವ ಪ್ಲಾಸ್ಟಿಕ್ ಹಾರದಿಂದ ಒಂದು ಹೂವು ಕಿತ್ತು ನನಗೇ ತೋರಿಸಿ. ಅದಕ್ಕೂ ರೋಗ ಎಂದರೆ, ದಯವಿಟ್ಟು ಯಾರೂ ಕೆಂಪು ಸಾಲಿಗೆ ಹೋಗಬೇಡಿ. ಬೆಂಕಿಯ ಗಾಡಿ ಬಂದರೆ ದಾರಿಗೆ ಅಡ್ಡ ನಿಲ್ಲಿ. ಸುಡುವ ಕೆಲಸ ಅವರದಾದರೆ ಕೇಳುವ ಕೆಲಸ ನಿಮ್ಮದು."

ಅಷ್ಟರಲ್ಲಿ ಲೈನು ಕಡಿದುಹೋಯಿತು. ಆದರೆ ಪ್ಲಾಸ್ಟಿಕ್ ಹಾರ ಇಲ್ಲದ ಮಂಡಿ ಇರಲಿಲ್ಲ. ಮಧ್ಯಾಹ್ನದೊಳಗೆ ಒಂದೊಂದೇ ಊರಿನಿಂದ ಸುದ್ದಿ ಬರತೊಡಗಿತು. ಅಲ್ಲಿಯ ಹೂವಮ್ಮ ಪ್ಲಾಸ್ಟಿಕ್ಕಿಗೆ ಆರು ಚುಕ್ಕಿ ತೋರಿಸಿದಳು, ಇಲ್ಲಿಯವಳು ಹನ್ನೆರಡು. ಒಂದು ಕಡೆ ಅಧಿಕಾರಿಯೊಬ್ಬರ ಅಂಗಿಯ ಮೇಲಿನ ಹೂವಿನ ಚಿತ್ರಕ್ಕೂ ರೋಗ ಅಂಟಿತ್ತು. ಹೊಸಕೆರೆಪುರದ ಸುಡುಗಾಡಿಯ ಮುಂದೆ ಬುಟ್ಟಿಗಳ ಗೋಡೆ ಎದ್ದಿತು. ಚಾಲಕ ಇಂಜಿನ್ನು ಆರಿಸಿ ಟೀ ಕುಡಿಯಲು ಹೋದ.

ಮುನಿನಂಜಮ್ಮನ ಹೊಲ ಉಳಿಯಿತು.

ಮಂಡಳಿ ಸೋಲಲಿಲ್ಲ. ವಾರ ಕಳೆದ ಮೇಲೆ ಹೊರಬಿದ್ದ ಪ್ರಕಟಣೆಯಲ್ಲಿ, ಯಾರೋ ಕಿಡಿಗೇಡಿಗಳು ಹೂವಮ್ಮನ ದನಿಯನ್ನು ಅನುಕರಿಸಿ ಗೊಂದಲ ಹಬ್ಬಿಸಿದರೂ ಸಿಬ್ಬಂದಿಯ ಶ್ರಮದಿಂದ ಷಡ್ಬಿಂದು ರೋಗವನ್ನು ನಿರ್ಮೂಲ ಮಾಡಲಾಗಿದೆ ಎಂದಿತ್ತು. ಆ ಪ್ರಕಟಣೆಯನ್ನು ಓದಿದ್ದು ಹೂವಮ್ಮನೇ. ವಾರಿಜಾ ಓದುವುದಿಲ್ಲ ಎಂದದ್ದಕ್ಕೆ ಅವಳ ಹಳೆಯ ದನಿಯ ತುಣುಕುಗಳಿಂದ ಗಣಕ ಹೊಸ ಮಾತು ಹೊಲಿದಿತ್ತು.

"ನಾನೂ ಇಷ್ಟು ಚೆನ್ನಾಗಿ ನಿಮ್ಮನ್ನ ಮಾಡ್ತಿರಲಿಲ್ಲ ಮೇಡಂ," ಎಂದ ಇಮ್ತಿಯಾಜ್. ಅವನನ್ನು ಆ ವೇಳೆಗೆ ಕೆಲಸದಿಂದ ತೆಗೆದಿದ್ದರು. "ಇದರಲ್ಲಿ ನೀವು ಉಸಿರೇ ಎಳ್ಕೊಳ್ಳಲ್ಲ. ನಾನಾಗಿದ್ರೆ ನಡುವೆ ಒಂದ್ಸಲ ಗುರ್ ಅಂತಿದ್ದೆ."

ದೀ‍ಪಾವಳಿಯ ಹಿಂದಿನ ದಿನ ವಾರಿಜಾ ಮುನಿನಂಜಮ್ಮನ ಹೊಲಕ್ಕೆ ಹೋದಳು. ಚೀಲದ ತುಂಬ ರಟ್ಟಿನ ಕೊಳವೆಗಳಿದ್ದವು. ಇಮ್ತಿಯಾಜನೂ ಅವಳೂ ಕೂತು ಮಾಡಿದವು. ಯಂತ್ರ ಏನೇ ಹೇಳಲಿ, ಒಪ್ಪುವ ಮೊದಲು ಪ್ರತಿ ಬೆಳೆಗಾರನೂ ಕೈಯಲ್ಲಿ ಒಂದು ಹಿಡಿದು ತಿರುಗಿಸಿ ನೋಡಬೇಕೆಂದು ಅವಳ ಹಟ. ಹೊಲ ಹಳದಿಯಾಗಿ ಉರಿಯುತ್ತಿತ್ತು, ಬೆಂಕಿಯಿಲ್ಲದ ಉರಿ. ಬದುವಿನ ಆಚೆ ಗೌರಮ್ಮನ ಹೊಲ ಕರ್ರಗೆ ಬಿದ್ದಿತ್ತು.

ಮುನಿನಂಜಮ್ಮ ಕೊಳವೆಯನ್ನು ಕಣ್ಣಿಗಿಟ್ಟು ತಿರುಗಿಸಿದಳು. ತಂಗಿಯ ಹೊಲದ ಕಡೆಗೂ ಒಮ್ಮೆ ಹಿಡಿದಳು.

"ಇದ್ರಲ್ಲಿ ಬೂದಿಯೂ ಚಂದ ಕಾಣ್ತದೆ," ಎಂದಳು. "ಇಂಥದ್ದನ್ನ ಮಾಡೋರು ಹುಷಾರಾಗಿರಬೇಕು."

"ಹೌದು," ಎಂದಳು ವಾರಿಜಾ.

"ನಂದು ಉಳೀತು ಅಂತ ನಿನ್ನ ಕಾಲಿಗೆ ಬೀಳಲ್ಲ ನಾನು. ನಮ್ಮ ಗೌರಿ ಊಟ ಬುಟ್ಟು ಕೂತವ್ಳೆ. ಈಗ್ಲೂ ರೋಗ ಇತ್ತು ಅಂತಾನೇ ಅಂತಾಳೆ ಅವಳು. ಇರ್ಲಿಲ್ಲ ಅಂತ ಒಪ್ಕೊಂಡ್ರೆ ತಡ್ಕೊಳಕ್ಕಾಗಲ್ಲ ಅವಳ ಕೈಲಿ."

ಸಿಟ್ಟಿಗೆ ಒಂದು ವಿಳಾಸ ಸಿಕ್ಕರೆ ಅರ್ಧ ಹಗುರಾಗುತ್ತದೆ. ರೋಗವೇ ಇತ್ತು ಎನ್ನುವ ಗೌರಮ್ಮನ ಸಿಟ್ಟಿಗೆ ವಿಳಾಸವಿರಲಿಲ್ಲ. ಮುನಿನಂಜಮ್ಮ ಮಡಿಲಲ್ಲಿದ್ದ ಒಂದು ಹಿಡಿ ಹೂವನ್ನು ವಾರಿಜಾಳ ಚೀಲಕ್ಕೆ ಸುರಿದಳು. "ಫೋಟೋ ತೆಕ್ಕೋ," ಎಂದಳು. "ನಿನ್ನ ಪೆಟ್ಟಿಗೆಗೆ ಮಾತ್ರ ತೋರಿಸ್ಬೇಡ."

ಮನೆಗೆ ಬಂದು ವಾರಿಜಾ ಹೂವನ್ನು ನೀರಿಗೆ ಹಾಕಿದಳು. ಬೀರುವಿನಿಂದ ಅಮ್ಮನ ಆ ಹಳೆಯ ಫೋನು ತೆಗೆದಳು. ಸುಮಾರು ಐವತ್ತು ವರ್ಷದ ಹಿಂದಿನದು. ಇಮ್ತಿಯಾಜ್ ಏನೋ ತಂತಿ ಜೋಡಿಸಿ ಜೀವ ಕೊಟ್ಟಿದ್ದ. ತನ್ನ ಮೊದಲ ಹೂವಿನ ಚಿತ್ರಗಳನ್ನು ಹುಡುಕುತ್ತ ಹೋದಳು. ದಾಸವಾಳದ ರಂಗೋಲಿ, ಕನಕಾಂಬರದ ರಂಗೋಲಿ. ಎಲ್ಲದರಲ್ಲೂ ಬಲಗಡೆ ಒಂದು ಮಸುಕಾದ ಹಳದಿ ಕಲೆ. ಬೇರೆ ಚಿತ್ರ ನೋಡಿದಳು. ಅತ್ತೆಯ ಮುಖ, ಬಲಗಡೆ ಹಳದಿ ಮಸುಕು. ಬೀದಿಯಲ್ಲಿ ಜಗಳವಾಡುತ್ತಿದ್ದ ಎದುರುಮನೆಯವರು, ಅವರ ಮೇಲೂ ಅದೇ. ಆಕಾಶಕ್ಕೂ ಅದೇ, ಅದೇ ಜಾಗದಲ್ಲಿ. "ಈ ಬೀದೀಲಿ ಒಬ್ಬರ ಮುಖದಲ್ಲೂ ಕಳೆ ಇಲ್ಲ ನೋಡೇ," ಎಂದು ಅಮ್ಮ ಈ ಚಿತ್ರಗಳನ್ನು ತೋರಿಸಿ ತೋರಿಸಿ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಅತ್ತೆಯ ಜೊತೆ ಮಾತು ಬಿಟ್ಟಿದ್ದಳು, ಎದುರುಮನೆಯವರ ಜೊತೆಗೂ.

ವಾರಿಜಾ ಫೋನನ್ನು ತಿರುಗಿಸಿದಳು. ಹಿಂಬದಿಯ ಪುಟ್ಟ ಗಾಜಿನ ಮೇಲೆ, ಒಣಗಿ ಅಂಟಿ, ಅಮ್ಮನ ಹೆಬ್ಬೆರಳಿನ ಅರಿಶಿನದ ಗುರುತು ಇನ್ನೂ ಇತ್ತು. ಆಗ ನಾಡಿನ ಪ್ರತಿಯೊಬ್ಬರ ಕೈಯಲ್ಲೂ ಇಂಥದೊಂದು ಇತ್ತು. ಎಲ್ಲರೂ ಅದರ ಮೂಲಕವೇ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಸೆರಗಿನ ತುದಿಯನ್ನು ಗಾಜಿನವರೆಗೆ ತಂದಳು. ಒರೆಸಲು ತೀರಾ ತಡವಾಗಿತ್ತು, ಆದರೂ ಒರೆಸಿದಳು.